ಖಣದ ಜರ್ಸಿ

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಅರಿಶಿನ ಮತ್ತು ಹಳೆ ಕೊಬ್ಬರಿಯ ವಾಸನೆ. ಅವ್ವ ತನ್ನ ಮದುವೆ ಸೀರೆಯನ್ನೂ ಅಪ್ಪನ ಶಾಲನ್ನೂ ಪಕ್ಕಕ್ಕೆ ಸರಿಸಿ, ತಳದಿಂದ ಒಂದು ಬಟ್ಟೆ ಎಳೆದು ನನ್ನ ಮುಂದೆ ಇಟ್ಟಳು. ಕಂದುಗೆಂಪು ಬಣ್ಣದ ಅಂಗಿ. ಬೆಳಕಿಗೆ ಹಿಡಿದರೆ ಬಣ್ಣದ ಕೆಳಗೆ ಇನ್ನೂ ರವಿಕೆ ಖಣದ ಸಣ್ಣ ಹೂವುಗಳು ಕಾಣುತ್ತವೆ. ತೋಳಿನ ಅಂಚಿಗೆ ಖಣದ ದಡಿ ಬಂದಿದೆ. ಬೆನ್ನ ಮೇಲೆ ಬಿಳಿ ಬಟ್ಟೆ ಕತ್ತರಿಸಿ ಹಚ್ಚಿದ ಅಂಕಿ, ಅದರ ಹೊಲಿಗೆ ಅರ್ಧ ಬಿಚ್ಚಿದೆ. ಇದನ್ನು ಅಪ್ಪ ಬಚ್ಚಲ ಒಲೆಗೆ ಹಾಕಿದ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಅದಕ್ಕೂ ಕೆಲವು ದಿನ ಮುಂಚೆ ಫೋನಿನಲ್ಲಿ, ನಮ್ಮ ಹಳೆಯ ಹುಡುಗಿಯರ ಗುಂಪಿನಲ್ಲಿ, ಸುದ್ದಿ ಬಂದಿತ್ತು. ನಮ್ಮ ಫುಟ್‌ಬಾಲ್ ಮ್ಯಾಡಂ ಹೋಗಿಬಿಟ್ಟರು. ಪುಣೆಯ ಕಡೆ ಯಾವುದೋ ದವಾಖಾನೆಯಲ್ಲಂತೆ. ನಮಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೆಲವರು ಕೈ ಮುಗಿದ ಚಿತ್ರ ಹಾಕಿದರು, ಒಬ್ಬಳು ಅಳುವ ಮುಖದ ಪಕ್ಕ ಚೆಂಡಿನ ಚಿತ್ರ ಹಾಕಿದಳು, ಮರುದಿನ ಬೆಳಿಗ್ಗೆ ಅದೇ ಗುಂಪಿನಲ್ಲಿ ಯಾರೋ ಶುಭೋದಯ ಹೇಳಿದರು. ನಾನು ಅವ್ವನಿಗೆ ಫೋನ್ ಮಾಡಿ ತಿಳಿಸಿದೆ. ಲೈನ್ ಹೋಯಿತೇನೋ ಎಂದು ನಾನು ಹಲೋ ಹಲೋ ಎನ್ನುತ್ತಿದ್ದಾಗ, "ಎಳ್ಳ ಅಮಾಸಿಗಿ ಊರಿಗಿ ಬಾ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ನಾನು ಸೋಲಾಪುರದಲ್ಲಿ ಮನೆ ಮಾಡಿಕೊಂಡು ವಳಸಂಗದ ಒಂದು ಶಾಲೆಯಲ್ಲಿ ಆಟದ ಟೀಚರ್ ಆಗಿದ್ದೇನೆ. ಸಾಲಾಗಿ ನಿಲ್ಲಿರಿ ಎಂದು ಕೂಗಿ ಕೂಗಿ ಗಂಟಲು ಹರಿದುಕೊಳ್ಳುವ ನೌಕರಿ. ಸಿಟ್ಟು ಇವಳ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹುಡುಗಿಯರು ಹಿಂದಿನಿಂದ ಆಡಿಕೊಳ್ಳುವುದು ನನಗೂ ಗೊತ್ತು. ಮ್ಯಾಡಂ ಎಂದೂ ಕೂಗಿದವರಲ್ಲ. ಮೈದಾನದ ಆ ತುದಿಯಲ್ಲಿದ್ದವಳಿಗೂ ಅವರ ಸಣ್ಣ ದನಿ ಹೇಗೆ ಕೇಳಿಸುತ್ತಿತ್ತೋ... ಆ ವಿಷಯದಲ್ಲಿ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.

ನಮ್ಮ ತಡವಳಕ್ಕೆ ಅವರು ಮೊದಲ ಸಲ ಬಂದದ್ದೂ ಎಳ್ಳ ಅಮಾವಾಸ್ಯೆಯ ದಿನವೇ. ಹದಿನೈದು ವರ್ಷದ ಮೇಲಾಯಿತು, ನಾನು ಹನ್ನೆರಡನೆಯ ಕ್ಲಾಸಿನಲ್ಲಿದ್ದೆ. ಊರಿಗೆ ಊರೇ ಹೊಲದಲ್ಲಿತ್ತು. ಜೋಳ ಎದೆಮಟ್ಟ ನಿಂತಿತ್ತು. ಅಪ್ಪ ಭೂಮಿತಾಯಿಯ ಎಡೆಯ ಚರಗವನ್ನು ಬೆಳೆಗೆ ಚೆಲ್ಲಿ ಬಂದು ಕೂತಿದ್ದ. ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಬಡಿಸುತ್ತಿದ್ದಳು. ಆಗ ದಾರಿಯಲ್ಲಿ ಒಂದು ಸ್ಕೂಟರ್ ಬಂತು. ಸೀರೆಯ ಮೇಲೆ ಕುತ್ತಿಗೆಯವರೆಗೆ ಚೈನು ಎಳೆದ ಆಟದ ಜಾಕೀಟು, ಹಣೆಗೆ ಟಿಕಳಿ, ಕೈಯಲ್ಲಿ ಬಳೆಯ ಬದಲು ಗಡಿಯಾರ, ಹಿಂದಿನ ಸೀಟಿಗೆ ಬಲೆಯಲ್ಲಿ ಕಟ್ಟಿದ ಚೆಂಡು. ಆ ದಿನ ಹೊಲದ ಮುಂದೆ ಹಾದವರನ್ನು ಉಣ್ಣಿಸದೆ ಕಳಿಸಿದರೆ ಭೂಮಿತಾಯಿ ಮುನಿಯುತ್ತಾಳೆ ಎಂಬುದು ನಮ್ಮ ಕಡೆಯ ನಂಬಿಕೆ. ಅವ್ವ ಕೈ ಎತ್ತಿ ಕರೆದಳು.

"ಅಕ್ಕಾರ, ಉಣ್ಣದ ಹ್ಯಾಂಗ ಹೋಗ್ತೀರಿ? ಬರ್ರಿ, ಬರ್ರಿ."

ಅವರು ಕಾದಿದ್ದದ್ದು ಇದೇ ಮಾತಿಗೆ ಎಂಬುದು ನನಗೆ ಆಮೇಲೆ ತಿಳಿಯಿತು. ಸೋಲಾಪುರದ ಹೆಣ್ಣುಮಕ್ಕಳ ಕಾಲೇಜಿಗೆ ಫುಟ್‌ಬಾಲ್ ತಂಡ ಕಟ್ಟಬೇಕು, ಹುಡುಗಿ ಕೊಡಿ ಎಂದು ಬೇರೆ ದಿನ ಯಾರದಾದರೂ ಮನೆ ಬಾಗಿಲಿಗೆ ಬಂದಿದ್ದರೆ ಹೊಸ್ತಿಲಿನಿಂದಲೇ ಸಾಗಹಾಕುತ್ತಿದ್ದರು. ಎಳ್ಳ ಅಮಾವಾಸ್ಯೆಯಂದು ಹಾಗೆ ಮಾಡುವಂತಿಲ್ಲ. ಉಂಡ ಅತಿಥಿ ಬಾಯಿಬಿಟ್ಟು ಏನಾದರೂ ಕೇಳಿದರೆ ಕಡೇಪಕ್ಷ ಕೇಳಿಸಿಕೊಳ್ಳಲಾದರೂ ಬೇಕು. ಎಲ್ಲಾ ಮನೆಯ ಹುಡುಗಿಯರೂ ಅಂದು ಬಯಲಿನಲ್ಲೇ ಸಿಗುತ್ತಾರೆ. ಮ್ಯಾಡಂ ಅಷ್ಟು ಸಾದಾ ಮನುಷ್ಯರಲ್ಲ, ಪಕ್ಕಾ ಲೆಕ್ಕದವರು.

ಊಟವಾದ ಮೇಲೆ ಅವರು ಚೆಂಡು ಬಿಚ್ಚಲಿಲ್ಲ. ಬದುವಿನ ಮೇಲೆ ಕಡ್ಡಿಯಿಂದ ಕುಂಟಾಬಿಲ್ಲೆಯ ಮನೆ ಗೀಚಿ, "ಆಡ್ರಿ ನೋಡೂಣು" ಎಂದರು. ಅಕ್ಕಪಕ್ಕದ ಹೊಲದ ಹುಡುಗಿಯರೂ ಬಂದರು. ನಾವು ನಗುತ್ತಾ, ಲಂಗ ಎತ್ತಿ ಕಟ್ಟಿ, ಒಂಟಿ ಕಾಲಲ್ಲಿ ಕುಪ್ಪಳಿಸಿದೆವು. ಚೆಂಡು ಒದೆಯುವುದನ್ನು ಯಾರಿಗಾದರೂ ಕಲಿಸಬಹುದು, ಒಂಟಿ ಕಾಲ ಮೇಲೆ ಅಲುಗದೆ ನಿಲ್ಲುವುದನ್ನು ಕಲಿಸಲಾಗದು ಎಂಬುದು ಅವರ ನಂಬಿಕೆ. ನಾನು ಹುರುಪಿನಲ್ಲಿ ಬಿಲ್ಲೆಯನ್ನು ಎಷ್ಟು ಜೋರಾಗಿ ಒದ್ದೆನೆಂದರೆ ಅದು ಹಾರಿ ಹೋಗಿ ಅಂಬಲಿಯ ಗಡಿಗೆಗೆ ಬಡಿಯಿತು. ಗಡಿಗೆ ಒಡೆಯಿತು. ಅಪ್ಪ ಬೈಯಲು ಬಾಯಿ ತೆರೆಯುವ ಮೊದಲೇ ಮ್ಯಾಡಂ, "ಈ ಪೋರಿ ನಂಗ ಬೇಕ್ರಿ" ಎಂದುಬಿಟ್ಟರು.

"ಚೆಂಡ ಒದ್ರ ಹೊಟ್ಟಿ ತುಂಬತದೇನ್ರಿ?" ಎಂದ ಅಪ್ಪ.

ಮ್ಯಾಡಂ ಮುಚ್ಚುಮರೆ ಮಾಡಲಿಲ್ಲ. ಕಾಲೇಜಿನ ಆಟದ ಹಣವೆಲ್ಲ ಬೇರೆ ಆಟಗಳಿಗೆ ಹೋಗುತ್ತದೆ, ಹುಡುಗಿಯರ ಫುಟ್‌ಬಾಲಿಗೆ ಬಜೆಟ್ಟಿನಲ್ಲಿ ಒಂದು ಸಾಲೂ ಇಲ್ಲ ಎಂದರು. ಪ್ರಾಚಾರ್ಯರು ಒಂದು ಮಾತು ಕೊಟ್ಟಿದ್ದರಂತೆ. ಬರುವ ವರ್ಷದ ಅಂತರಕಾಲೇಜು ಪಂದ್ಯಕ್ಕೆ ತಂಡ ಇಳಿಸಿ ತೋರಿಸಿದರೆ ಫುಟ್‌ಬಾಲಿಗೂ ಹಣ, ಆಡುವ ಹುಡುಗಿಯರಿಗೆ ಹಾಸ್ಟೆಲೂ ಊಟವೂ ಪುಕ್ಕಟೆ, ಡಿಗ್ರಿ ಮುಗಿಯುವವರೆಗೆ. ಇಳಿಸದಿದ್ದರೆ ಆ ವಿಷಯ ಅಲ್ಲಿಗೆ ಬಂದ್. ಅಪ್ಪ ಗಡ್ಡ ಕೆರೆದುಕೊಂಡ. ನನ್ನ ಹನ್ನೆರಡನೆಯದು ಮುಗಿದ ಕೂಡಲೇ ಸೋದರತ್ತೆಯ ಮಗನಿಗೆ ಕೊಡುವ ಮಾತು ಆಗಲೇ ನಡೆದಿತ್ತು. ಅವನಿಗೆ ಮೂರು ಗಾಲಿಯ ಟಂಟಂ ಗಾಡಿಯೂ ಇತ್ತು, ನಾಟಕದ ರಾಕ್ಷಸನಂಥ ಮೀಸೆಯೂ ಇತ್ತು. ಆ ಹಾಸ್ಟೆಲಿನ ಒಂದು ಮಂಚಕ್ಕಾಗಿ ನಾನು ಚೆಂಡನ್ನಲ್ಲ, ಕಲ್ಲನ್ನು ಬೇಕಾದರೂ ಒದೆಯುತ್ತಿದ್ದೆ.

ಅವರು ಹೊರಟು ನಿಂತಾಗ ಅವ್ವ ಉಡಿ ತುಂಬಲು, ಮಡಿಲಕ್ಕಿ ಕೊಡಲು, ಕರೆದಳು. ಹೊಲಕ್ಕೆ ಬಂದ ಮುತ್ತೈದೆಯನ್ನು ಬರಿ ಸೆರಗಿನಲ್ಲಿ ಕಳಿಸುವುದುಂಟೇ? ಜೋಳದ ಸಾಲಿನ ಆಚೆ, ಬನ್ನಿಗಿಡದ ಕೆಳಗೆ ಇಬ್ಬರೂ ನಿಂತಿದ್ದರು. ನಾನು ಒಡೆದ ಗಡಿಗೆಯ ಚೂರು ಆರಿಸುತ್ತಾ ನೋಡುತ್ತಿದ್ದೆ. ಅವ್ವ ಕುಂಕುಮದ ಬೆರಳು ಎತ್ತಿದಳು. ಮ್ಯಾಡಂ ಏನೋ ಹೇಳಿದರು. ಅವ್ವನ ಕೈ ಗಾಳಿಯಲ್ಲಿ ಹಾಗೇ ನಿಂತಿತು... ಆಮೇಲೆ ಅವ್ವ ಏನೋ ಹೇಳಿದಳು, ಮೆಲ್ಲಗೆ, ಸುಮಾರು ಹೊತ್ತು. ಮತ್ತೆ ಆ ಬೆರಳು ಮ್ಯಾಡಂ ಹಣೆಗೆ ತಾಗಿತು. ಖಣ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನ ಕೊಂಬು ಎಲ್ಲ ಸೆರಗಿಗೆ ಬಿದ್ದವು. ಮ್ಯಾಡಂ ಅವನ್ನು ಎದೆಗವುಚಿಕೊಂಡು ನಿಂತೇ ಇದ್ದರು. ಬಿಸಿಲಿಗೆ ತಲೆ ತಿರುಗಿತೇನೋ ಎಂದುಕೊಂಡೆ.

ಅಲ್ಲಿಂದ ಅವ್ವ ಅವರ ಏಜೆಂಟಳೇ ಆದಳು ಅನ್ನಿ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮ ಕಡೆ ಮನೆಮನೆಯಲ್ಲೂ ಹೆಂಗಸರ ಅರಿಶಿನ ಕುಂಕುಮ. ಅವ್ವ ತಾನೇ ಮ್ಯಾಡಂ ಅವರನ್ನು ಕರೆದುಕೊಂಡು ತನ್ನ ತವರು ವಾಗದರಿಗೆ ಹೋದಳು. ಅಲ್ಲಿ ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಇದ್ದಳು. ದೊಡ್ಡವ್ವ ಒಪ್ಪಿದರೆ ವಾಗದರಿ ಒಪ್ಪಿದಂತೆ. ಆಕೆ ಮ್ಯಾಡಂ ಉಡಿ ತುಂಬಿ, ತನ್ನ ಮಗಳ ಕೈ ಹಿಡಿದು ಅವರ ಸೆರಗಿನ ಮೇಲೆ ಇಟ್ಟು, "ನಿಮ್ಮ ಉಡಿಯಾಗ ಹಾಕೀನ್ರಿ, ನಿಮ್ಮ ಮಗಳಂತ ತಿಳೀರಿ" ಎಂದಳಂತೆ. ಹುಡುಗಿಯರನ್ನು ಕೊಟ್ಟ ಮನೆಯವರೆಲ್ಲ ಆಮೇಲೆ ಅದೇ ಮಾತು ಹೇಳಿ ಕೊಟ್ಟರು. ಬಾಂಡು ಪೇಪರಿಗಿಂತ ಗಟ್ಟಿ ಮಾತು ಅದು. ಉಡಿಗೆ ಹಾಕಿದ ಮೇಲೆ ಆ ಹುಡುಗಿಯ ಒಳ್ಳೆಯದು ಕೆಟ್ಟದ್ದು ಎರಡೂ ಆ ಉಡಿಯವಳದೇ.

ಜೂನ್ ತಿಂಗಳಲ್ಲಿ ನಾವು ಸೋಲಾಪುರಕ್ಕೆ ಬಂದೆವು. ಹಾಸ್ಟೆಲಿನ ಹಿಂದೆ ಸಾಮಾನು ತುಂಬಿಡುವ ಕೋಣೆಯೊಂದನ್ನು ಮ್ಯಾಡಂ ಕಾಡಿಬೇಡಿ ಬಿಡಿಸಿಕೊಂಡಿದ್ದರು. ನೆಲದ ಮೇಲೆ ಹಾಸಿಗೆ. ಊಟ ನಮ್ಮದೇ. ಮ್ಯಾಡಂ ಅವರದು ತಾಸಿನ ಲೆಕ್ಕದ ನೌಕರಿ, ರಜೆ ಬಂದರೆ ಪಗಾರವಿಲ್ಲ. ಹಾಗಿದ್ದರೂ ತಂಡ ನಡೆಯಿತು, ಹೇಗೆಂದರೆ ಉಡಿಯಿಂದ. ಭಾನುವಾರ ಬಂದರೆ ಸ್ಕೂಟರ್ ಹತ್ತಿ ಊರೂರಿಗೆ, ಹುಡುಗಿಯರ ಕ್ಷೇಮ ಹೇಳಲು ಹೋಗುತ್ತಿದ್ದರು. ಹೋದ ಮನೆಯಲ್ಲೆಲ್ಲ ತಾಯಂದಿರು ಉಡಿ ತುಂಬುತ್ತಿದ್ದರು. ಉಡಿಯ ಅಕ್ಕಿ ನಮ್ಮ ಅನ್ನವಾಯಿತು. ಉತ್ತತ್ತಿಯನ್ನು ಆಟದ ನಡುವಿನ ಬಿಡುವಿನಲ್ಲಿ ಬಾಯಿಗೆ ಹಾಕುತ್ತಿದ್ದರು, ಅದೇ ನಮ್ಮ ಗ್ಲುಕೋಸು. ಅರಿಶಿನ ಕೊಂಬು ತೇಯ್ದು ಮೊಣಕಾಲಿನ ಪೆಟ್ಟಿಗೆ ಹಚ್ಚುತ್ತಿದ್ದರು. ಇನ್ನು ತೆಂಗಿನಕಾಯಿ! ಚಟ್ನಿ, ಸಾರು, ಪಲ್ಯ, ಬರ್ಫಿ. ಇಷ್ಟೊಂದು ತೆಂಗಿನಕಾಯಿ ತಿಂದ ಫುಟ್‌ಬಾಲ್ ತಂಡ ಭೂಮಿಯ ಮೇಲೆ ಇನ್ನೊಂದು ಇರಲಿಕ್ಕಿಲ್ಲ.

ಖಣಗಳನ್ನು ಮಾತ್ರ ಅವರು ಒಂದೊಂದಾಗಿ ಮಡಿಚಿ ಇಟ್ಟಿದ್ದರು. ಎರಡು ಖಣಕ್ಕೆ ಒಂದು ಜರ್ಸಿ ಎಂದು ಟೇಲರಮ್ಮ ಹೇಳಿದಳು. ಆದರೆ ಒಂದು ಹಸಿರು, ಒಂದು ನೀಲಿ, ಒಂದು ಗಿಳಿಬಣ್ಣ. ತಂಡಕ್ಕೆಲ್ಲ ಒಂದೇ ಬಣ್ಣ ಇರಬೇಕು ಎಂಬುದು ನಿಯಮ. ಮ್ಯಾಡಂ ಎಲ್ಲವನ್ನೂ ಗಂಟು ಕಟ್ಟಿಕೊಂಡು ಟವೆಲಿನ ನೂಲಿಗೆ ಬಣ್ಣ ಹಾಕುವವರ ಹತ್ತಿರ ಹೋಗಿ, ಒಂದೇ ಕಡಾಯಿಯಲ್ಲಿ ಕಂದುಗೆಂಪಿಗೆ ಅದ್ದಿಸಿಕೊಂಡು ಬಂದರು. ಬಣ್ಣ ಒಂದೊಂದಕ್ಕೆ ಒಂದೊಂದು ಥರ ಹತ್ತಿತು. ಒಬ್ಬಳದು ಜೇಡಿಮಣ್ಣಿನ ಹಾಗೆ, ಇನ್ನೊಬ್ಬಳದು ಬದನೆಕಾಯಿಯ ಹಾಗೆ. ಬೇರೆ ಕಾಲೇಜಿನ ಹುಡುಗಿಯರು ನಮ್ಮನ್ನು ‘ಬ್ಲೌಸ್ ಟೀಮ್’ ಎಂದು ಕರೆದು ಬಿದ್ದುಬಿದ್ದು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಮ್ಯಾಡಂ, "ನಗಲಿ ಬಿಡು. ಅವರ ಜರ್ಸಿ ಅಂಗಡ್ಯಾಗಿಂದು, ನಿಮ್ಮದು ನಿಮ್ಮ ತಾಯಂದ್ರ ಕೈಯಾಗಿಂದು" ಎಂದರು. ಆ ಮಾತು ಹೇಳುವಾಗ ಅವರ ಮುಖದ ಮೇಲೆ ಒಂದು ಥರದ ಹೆದರಿಕೆ ಇತ್ತು. ಹೆದರಿಕೆ ಎಂದು ಆಗ ಗುರುತಿಸಲಿಲ್ಲ, ದಣಿವು ಎಂದುಕೊಂಡೆ.

ಪಂದ್ಯ ಹತ್ತಿರ ಬಂತು. ಅಷ್ಟರಲ್ಲಿ ತಾಯಂದಿರು ಹಟ ಹಿಡಿದರು. ಹೇಗೂ ಗುರುವಾರ ಅಕ್ಕಲಕೋಟೆಗೆ ಮಠದ ದರ್ಶನಕ್ಕೆ ಬರುತ್ತೇವೆ, ಅಲ್ಲೇ ಒಂದು ಆಟ ಆಡಿಸಿ, ನಮ್ಮ ಮಕ್ಕಳು ಏನು ಮಾಡುತ್ತಾರೆ ಎಂದು ಕಣ್ಣಾರೆ ನೋಡುತ್ತೇವೆ ಎಂದರು. ಮ್ಯಾಡಂ ಅಕ್ಕಲಕೋಟೆ ಬೇಡ, ಸೋಲಾಪುರಕ್ಕೇ ಬನ್ನಿ ಎಂದು ಎರಡು ಮೂರು ಸಲ ಹೇಳಿ ನೋಡಿದರು. ಯಾಕೆ ಬೇಡ ಎಂದು ಕೇಳಿದರೆ ಮಾತು ಬದಲಿಸಿದರು. ಕಡೆಗೆ ಒಪ್ಪಿದರು.

ಅಕ್ಕಲಕೋಟೆಯ ಒಂದು ಶಾಲೆಯ ಮೈದಾನ. ಅಲ್ಲಿಯ ಹುಡುಗಿಯರ ಜೊತೆ ಸ್ನೇಹದ ಆಟ. ತಾಯಂದಿರೆಲ್ಲ ದರ್ಶನ ಮುಗಿಸಿ, ಹಣೆಗೆ ಗಂಧ ಹಚ್ಚಿಕೊಂಡು, ಗೋಡೆಯ ನೆರಳಿನಲ್ಲಿ ಕೂತಿದ್ದರು. ಮ್ಯಾಡಂ ಅಂದು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರು. ನಾವು ಗೆದ್ದೆವು. ದೊಡ್ಡವ್ವನ ಮಗಳು ನಮ್ಮ ಗೋಲಿ, ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ದೊಡ್ಡವ್ವ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ನಾನು ಅವಳನ್ನು ಅಷ್ಟು ಖುಷಿಯಲ್ಲಿ ಮತ್ತೆಂದೂ ನೋಡಿಲ್ಲ.

ಆಗ ಒಬ್ಬ ಮುದುಕಿ ಬಂದಳು. ಪಕ್ಕದ ಗಲ್ಲಿಯವಳು, ಗಲಾಟೆ ಕೇಳಿ ನೋಡಲು ಬಂದವಳು. ಮ್ಯಾಡಂ ಅವರ ಗದ್ದ ಹಿಡಿದು ಎತ್ತಿ ನೋಡಿ, ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ನಮ್ಮ ತಾಯಂದಿರ ಕಡೆ ತಿರುಗಿ, "ನಮ್ಮ ಗಲ್ಲಿ ಸೊಸಿ ಈಕಿ. ಗಂಡ ತೀರಿ ಭಾಳ ವರ್ಷ ಆತು, ಪಾಪ. ಮಕ್ಕಳನ್ನ ಆಡಸ್ತಾಳಂತ ಕೇಳಿದ್ದೆ, ಭಾಳ ಛಲೋ ಆತು" ಎಂದಳು. ಅವಳ ಮಾತಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

ಗೋಡೆಯ ನೆರಳಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ದೊಡ್ಡವ್ವ ಮಾತ್ರ ಮುಂದೆ ಬಂದಳು. ಅವಳು ಮ್ಯಾಡಂ ಅವರ ಉಡಿ ತುಂಬಿದ ಎರಡು ವಾರಕ್ಕೆ ಅವಳ ಗಂಡ ಮೋಟರ್ ಸೈಕಲ್ಲಿನಿಂದ ಬಿದ್ದು, ಜೀವ ಉಳಿದಿದ್ದೇ ದೊಡ್ಡದಾಗಿತ್ತು. ಆವತ್ತಿಗೂ ಕುಂಟುತ್ತಿದ್ದ.

"ಖರೆ ಏನ್ರಿ ಮ್ಯಾಡಂ?"

"ಖರೆ ಅದರಿ."

"ಮತ್ತ ಸೆರಗ ಯಾಕ ಒಡ್ಡಿದ್ರಿ? ನಮ್ಮ ಕುಂಕುಮಕ್ಕ ಬೆಲೆ ಇಲ್ಲೇನ್ರಿ? ನನ್ನ ಗಂಡ ಸಾವಿನ ಬಾಗಲಿಗಿ ಹೋಗಿ ಬಂದಾನ್ರಿ."

ಮ್ಯಾಡಂ ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿನ ಮುಖವನ್ನೂ ನೋಡಿದರು. ನನ್ನ ಅವ್ವನನ್ನು ಬಿಟ್ಟು. ಅವ್ವ ದೊಡ್ಡವ್ವನ ಬೆನ್ನ ಹಿಂದೆ, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದಳು. ಮ್ಯಾಡಂ ಅವಳ ಕಡೆ ಕಣ್ಣು ಹಾಯಿಸಲೇ ಇಲ್ಲ. "ತಪ್ಪ ನಂದ ಅದರಿ. ನಾ ಯಾರಿಗೂ ಹೇಳಲಿಲ್ಲ" ಎಂದರು. ಅಷ್ಟೇ. ಅದೇ ಸಣ್ಣ ದನಿ, ಆದರೆ ಮೈದಾನದ ಆ ತುದಿಯಲ್ಲಿದ್ದ ನಮಗೂ ಕೇಳಿಸಿತು.

ಮಕ್ಕಳನ್ನು ಅಲ್ಲಿಂದಲೇ, ಜರ್ಸಿಯ ಮೇಲೆಯೇ, ಊರಿಗೆ ಕರೆದೊಯ್ದರು. ವಾಗದರಿಯ ಹುಡುಗಿಯರೆಲ್ಲ ಹೋದರು. ನಾನೂ ತಡವಳದ ಬಸ್ಸಿನಲ್ಲಿ ಅವ್ವನ ಪಕ್ಕ ಕೂತಿದ್ದೆ. ಇದೆಲ್ಲ ಹುಚ್ಚು, ಪಂದ್ಯ ಆಡದಿದ್ದರೆ ಹಾಸ್ಟೆಲ್ ಹೋಗುತ್ತದೆ, ನನ್ನ ಗತಿ ಏನು ಎಂದು ದಾರಿಯುದ್ದಕ್ಕೂ ಅತ್ತೆ, ಜಗಳಾಡಿದೆ. ಅವ್ವ ಕಿಡಕಿಯ ಹೊರಗೆ ನೋಡುತ್ತಾ ಕೂತಳು. ಮನೆಗೆ ಬಂದ ಮೇಲೆ ನನ್ನ ಜರ್ಸಿ ಬಿಚ್ಚಿಸಿ ತೆಗೆದುಕೊಂಡಳು. ಪಂದ್ಯದ ದಿನ ಬೆಳಿಗ್ಗೆ ನಾನು ಚೀಲ ಹಿಡಿದು ಹೊಸ್ತಿಲು ದಾಟುವಾಗ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. "ಎಲ್ಲಾರೂ ತಮ್ಮ ಮಕ್ಕಳನ್ನ ಇಟಗೊಂಡಾರ. ನಾ ಒಬ್ಬಾಕಿನ ಕಳಿಸಿದ್ರ, ನಿನಗ್ಯಾಕ ಅಂಜಿಕಿ ಇಲ್ಲ ಅಂತ ಕೇಳ್ತಾರ" ಎಂದಳು. ಆ ಮಾತಿನ ಅರ್ಥ ನನಗೆ ಆಗಲಿಲ್ಲ. ಅವ್ವನನ್ನು ದಾಟಿ ಹೋಗುವುದಾದರೂ ಹೇಗೆ.

ಫುಟ್‌ಬಾಲಿನಲ್ಲಿ ಒಂದು ನಿಯಮವಿದೆ. ಹನ್ನೊಂದು ಜನ ಇರದಿದ್ದರೂ ನಡೆಯುತ್ತದೆ, ಆದರೆ ಏಳಕ್ಕಿಂತ ಕಡಿಮೆ ಇದ್ದರೆ ಆಟ ಶುರು ಮಾಡುವಂತಿಲ್ಲ. ಆ ದಿನ ಸೋಲಾಪುರದ ಮೈದಾನದಲ್ಲಿ ಆರು ಜನ ನಿಂತಿದ್ದರು. ಪೇಟೆಯ ಹುಡುಗಿಯರು ಮೂವರು, ಮನೆಯವರು ತಡೆಯದ ವಳಸಂಗದ ಮೂವರು. ಆರೂ ಜನ ಖಣದ ಜರ್ಸಿಯಲ್ಲಿ ಸಾಲಾಗಿ ನಿಂತಿದ್ದರಂತೆ. ಮ್ಯಾಡಂ ರೆಫರಿಯ ಕಾಲಿಗೆ ಬೀಳುವುದೊಂದು ಬಾಕಿ, ಇನ್ನೊಂದು ಸ್ವಲ್ಪ ಕಾಯಿರಿ, ತಡವಳದ ಬಸ್ಸು ಬರಬೇಕು ಎಂದರಂತೆ. ರೆಫರಿ ಕಾದ. ಬಸ್ಸು ಬಂತು, ಹೋಯಿತು. ಮ್ಯಾಡಂ ಗೇಟಿನ ಕಡೆ ನೋಡುತ್ತಲೇ ಇದ್ದರಂತೆ... ಆಮೇಲೆ ರೆಫರಿ ಸೀಟಿ ಊದಿ, ಚೆಂಡು ಒದೆಯದೆಯೇ ಎದುರಿನವರು ಗೆದ್ದರೆಂದು ಘೋಷಿಸಿದ. ವಳಸಂಗದ ಗೆಳತಿಯೊಬ್ಬಳು ಇದನ್ನು ನನಗೆ ಹೇಳಿದಾಗಿನಿಂದ, ನಾನು ನೋಡದ ಆ ಮೈದಾನ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಏಳನೆಯವಳ ಜಾಗ ನನ್ನದು. ಕನಸಿನಲ್ಲಿ ಎಷ್ಟೋ ಸಲ ಆ ಬಸ್ಸಿನಿಂದ ಇಳಿದಿದ್ದೇನೆ. ಇಳಿದು ನೋಡಿದರೆ ಮೈದಾನದಲ್ಲಿ ಯಾರೂ ಇರುವುದಿಲ್ಲ, ಜಾಕೀಟು ತೊಟ್ಟ ಒಬ್ಬರು ಬೆನ್ನು ಮಾಡಿ ನಿಂತಿರುತ್ತಾರೆ.

ಫುಟ್‌ಬಾಲ್ ಬಂದ್ ಆಯಿತು. ಕೋಣೆಗೆ ಬೀಗ ಬಿತ್ತು. ಟಂಟಂ ಮೀಸೆಯ ಮಾತು ಮತ್ತೆ ಶುರುವಾಯಿತು. ಆಗ ಒಂದು ವಿಚಿತ್ರ ನಡೆಯಿತು. ಅಪ್ಪನ ಎದುರು ಎಂದೂ ದನಿ ಎತ್ತದ ಅವ್ವ, "ಪೋರಿ ದಿನಾ ಬಸ್ಸಿಗಿ ಹೋಗಿ ಕಲೀತಾಳ. ಇಲ್ಲಂದ್ರ ನಾ ತವರಿಗಿ ಹೋಗ್ತೀನಿ" ಎಂದು ಪಟ್ಟು ಹಿಡಿದಳು. ಒಲೆ ಹೊತ್ತಿಸಲಿಲ್ಲ. ಅಪ್ಪ ಹೆದರಿಯೇ ಹೋದ. ನಾನು ಡಿಗ್ರಿ ಮುಗಿಸಿದ್ದು ಹಾಗೆ, ನಿತ್ಯ ತಡವಳದಿಂದ ಸೋಲಾಪುರಕ್ಕೆ ಬಸ್ಸಿನಲ್ಲಿ ನೇತಾಡಿಕೊಂಡು. ಪಂದ್ಯಕ್ಕೆ ಬಾಗಿಲು ಬಿಡದವಳು ಕಾಲೇಜಿಗೆ ಮನೆಯನ್ನೇ ಬಿಡಲು ಹೊರಟದ್ದು ಯಾಕೆಂದು ನನಗೆ ತಿಳಿಯಲಿಲ್ಲ.

ಮ್ಯಾಡಂ ಅವರನ್ನು ಆಮೇಲೆ ಒಂದೇ ಸಲ ನೋಡಿದ್ದು. ಆ ವರ್ಷದ ಕೊನೆ, ಅವರ ನೌಕರಿಯೂ ಮುಗಿಯುವುದಿತ್ತು. ಕಾಲೇಜಿನ ಜಿನ್ನದ ಮೆಟ್ಟಿಲ ಹತ್ತಿರ ಎದುರಾದರು. ಬಯ್ಯುತ್ತಾರೆ, ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ ಎಂದುಕೊಂಡು ಗೋಡೆಗೆ ಸರಿದು ನಿಂತೆ. ಅವರು ಒಂದೇ ಮಾತು ಕೇಳಿದರು.

"ಅವ್ವ ಆರಾಮ ಅದಾಳೇನು?"

"ಆರಾಮ ಅದಾಳ್ರಿ" ಎಂದೆ. ತಲೆ ಆಡಿಸಿ ಇಳಿದು ಹೋದರು. ನನಗೆ ಬೇಜಾರೇ ಆಯಿತು. ಆಡಬೇಕಿದ್ದವಳು ನಾನು, ಕೇಳಿದ್ದು ಅವ್ವನ ವಿಷಯ! ಆ ಮುನಿಸಿನಲ್ಲಿ ಮನೆಗೆ ಬಂದು ಅವ್ವನಿಗೂ ಏನೂ ಹೇಳಲಿಲ್ಲ.

ಈ ಸಲದ ಎಳ್ಳ ಅಮಾವಾಸ್ಯೆ ಅಪ್ಪ ಇಲ್ಲದ ಮೊದಲನೆಯದು. ಆಷಾಢದಲ್ಲಿ ಅವನು ಹೋದ. ಟ್ರಂಕಿನಿಂದ ತೆಗೆದ ಜರ್ಸಿಯನ್ನು ಅವ್ವ ಬುತ್ತಿಯ ಬುಟ್ಟಿಯಲ್ಲೇ ಇಟ್ಟುಕೊಂಡು ಹೊಲಕ್ಕೆ ಬಂದಳು. ಅಪ್ಪನ ಬದಲು ನನ್ನ ತಮ್ಮ ಚರಗ ಚೆಲ್ಲಿದ. ಪಕ್ಕದ ಹೊಲಗಳ ಹೆಂಗಸರು ಬಂದು ನನಗೂ ತಮ್ಮನ ಹೆಂಡತಿಗೂ ಕುಂಕುಮ ಹಚ್ಚಿದರು. ಕುಂಕುಮದ ಬಟ್ಟಲು ಅವ್ವನ ಮುಂದೆ ಬಂದಾಗ ಸಲೀಸಾಗಿ ಪಕ್ಕಕ್ಕೆ ಸರಿಯಿತು. ಯಾರೂ ಬೇಕೆಂದು ಮಾಡಿದ್ದಲ್ಲ, ಕೈಗೆ ರೂಢಿ ಅಷ್ಟೇ. ಅವ್ವ ಎದ್ದು ಬನ್ನಿಗಿಡದ ಕೆಳಗೆ ಹೋಗಿ ಕೂತಳು. ನಾನು ಹಿಂದೆಯೇ ಹೋದೆ.

"ಇಲ್ಲೇ ಹೇಳಿದ್ದಳವ್ವ ಆಕಿ" ಎಂದಳು. "ನನಗ ತುಂಬಬಾರದ್ರಿ, ನನ್ನ ಗಂಡ ಇಲ್ಲ ಅಂದ್ಲು. ಕುಂಕುಮ ಹಚ್ಚೂಕಿಂತ ಮೊದಲ ಹೇಳಿದ್ಲು. ನಾನಽ ಅಂದೆ, ಯಾರಿಗೂ ಹೇಳಬ್ಯಾಡ್ರಿ, ಹೇಳಿದ್ರ ಒಬ್ಬಾಕಿನೂ ಮಗಳನ್ನ ಕೊಡಂಗಿಲ್ಲ ಅಂತ. ನಿನ್ನ ಸಾಲಿ ಆಗಬೇಕಿತ್ತು ನನಗ. ನಾನಽ ಕೈಹಿಡದ ನಮ್ಮಕ್ಕನ ಮನಿಗಿ ಕರಕೊಂಡ ಹೋದೆ."

ನಾನು ಅವಳ ಎದುರಿಗೆ ಕೂತೆ.

"ಅಕ್ಕಲಕೋಟ್ಯಾಗ ಆಕಿ ನನ್ನ ಹೆಸರ ಹೇಳ್ತಾಳಂತ ಕಾದೆ. ಹೇಳಿದ್ರ ನಮ್ಮಕ್ಕ ನನ್ನ ಮಾರಿ ನೋಡತಿದ್ದಿಲ್ಲ, ನಿಮ್ಮಪ್ಪ ಮನ್ಯಾಗ ಇಟಗೊಂತಿದ್ದಿಲ್ಲ. ಹೇಳಲಿಲ್ಲ. ಈ ಕಡಿ ನೋಡ್ಲೂ ಇಲ್ಲ."

ಅವ್ವನ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆ ಆರು ಜನ, ಆ ಗೇಟು, ಹೋಗಿಬಿಟ್ಟ ಬಸ್ಸು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಮರುಗಳಿಗೆ ನೋಡಿದರೆ ಬರಿ ಹಣೆಯ ಮುದುಕಿ, ಮಡಿಲಲ್ಲಿ ಖಣದ ಜರ್ಸಿ. ಬುಟ್ಟಿಯಿಂದ ತೆಂಗಿನಕಾಯಿಯನ್ನೂ ಒಂದು ಹಿಡಿ ಅಕ್ಕಿಯನ್ನೂ ತಂದು, ಕುಂಕುಮದ ಬೆರಳು ಎತ್ತಿ, "ಸೆರಗ ಹಿಡಿ ಅವ್ವ" ಎಂದೆ. ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. ಸೆರಗು ಒಡ್ಡಲಿಲ್ಲ. ಎದ್ದು ನಿಂತು, ಊಟಕ್ಕೆ ಕೂತಿದ್ದ ಹೆಂಗಸರ ನಡುವೆ ಹೋದಳು. ಜರ್ಸಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಬಾಯಿಂದ ನಾನು ಎಂದೂ ಕೇಳದಷ್ಟು ದೊಡ್ಡ ದನಿಯಲ್ಲಿ ಹೇಳಿದಳು.

"ಆ ಮ್ಯಾಡಂನ ಉಡಿ ನಾ ಗೊತ್ತಿದ್ದ ತುಂಬಿದ್ದೆ. ಹೇಳಬ್ಯಾಡ ಅಂದಾಕಿನೂ ನಾನಽ. ಆಕಿ ತಪ್ಪಿದ್ದಿಲ್ಲ."

ಹೆಂಗಸರು ರೊಟ್ಟಿಯ ತುತ್ತು ಕೈಯಲ್ಲೇ ಹಿಡಿದು ಒಬ್ಬರ ಮುಖ ಒಬ್ಬರು ನೋಡಿದರು. ಬಹಳ ಜನ ಆಮೇಲೆ ಊರಿಗೆ ಬಂದ ಸೊಸೆಯಂದಿರು. ಹಳಬರು ಉಳಿದಿರುವವರೇ ಇಬ್ಬರೋ ಮೂವರೋ. ದೊಡ್ಡವ್ವ ಹೋಗಿ ಎಷ್ಟೋ ವರ್ಷವಾಯಿತು. ಕಡೆಗೆ ಒಬ್ಬಳು ಮರ್ಯಾದೆಯಿಂದಲೇ ಕೇಳಿದಳು.

"ಯಾವ ಮ್ಯಾಡಂರಿ, ಅತ್ತಿ?"

ಅವ್ವ ಜರ್ಸಿ ಮಡಚಿಕೊಂಡು ಬಂದು ನನ್ನ ಪಕ್ಕ ಕೂತಳು.

ಸಂಜೆ ನನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಮನೆಗೆ ಬರುವಾಗ, ಜಿನ್ನದ ಹತ್ತಿರ ಮ್ಯಾಡಂ ಕೇಳಿದ ಮಾತನ್ನು ಅವ್ವನಿಗೆ ಹೇಳಿದೆ. ಹೆಗಲ ಮೇಲಿದ್ದ ಅವಳ ಕೈ ಬಿಗಿಯಾಯಿತು.

"ನೀ ಏನಂದಿ?"

"ಆರಾಮ ಅದಾಳ ಅಂದೆ."

ಗಾಡಿ ಓಣಿಗೆ ಹೊರಳಿತು.

"ನಾ ಆರಾಮ ಇದ್ದಿಲ್ಲವ್ವ" ಎಂದಳು ಆಮೇಲೆ. "ಹಂಗಂತ ಆಕಿಗಿ ಹೇಳಬೇಕಿತ್ತು."

ಜರ್ಸಿಯನ್ನು ನಾನು ಸೋಲಾಪುರಕ್ಕೆ ತಂದಿದ್ದೇನೆ. ಎರಡು ಸಲ ಒಗೆದೆ, ಅರಿಶಿನದ ವಾಸನೆ ಹೋಗಿಲ್ಲ. ಶಾಲೆಯಲ್ಲಿ ನನ್ನ ಹುಡುಗಿಯರಿಗೆ ಈಗ ಅಂಗಡಿಯ ಒಂದೇ ಬಣ್ಣದ ಅಂಗಿಗಳಿವೆ, ಬೆನ್ನ ಮೇಲೆ ಅವನ್ನು ಕೊಟ್ಟ ಕಂಪನಿಯ ಹೆಸರಿದೆ. ಆಟ ಶುರು ಮಾಡುವ ಮೊದಲು ಎಲ್ಲರೂ ಬಂದಿದ್ದರೂ ನಾನು ಸೀಟಿ ಊದದೆ ಒಂದು ಗಳಿಗೆ ಗೇಟಿನ ಕಡೆ ನೋಡುತ್ತೇನೆ. ಹುಡುಗಿಯರು ಗೊಣಗುತ್ತಾರೆ, ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಕೇಳುತ್ತಾರೆ. ಬೈದು ಸುಮ್ಮನಿರಿಸುತ್ತೇನೆ.